ಯಾವ ಪಾತ್ರ ಯಾರಿಗೆ

ವಿಜಯಪುರದ ಜಿಲ್ಲಾ ರಂಗಮಂದಿರಕ್ಕೆ ಕಂದಗಲ್ ಹನುಮಂತರಾಯರ ಹೆಸರಿದೆ. ಹುನಗುಂದ ಸೀಮೆಯ ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿ 1966ರಲ್ಲಿ ತೀರಿಕೊಂಡ ಅವರನ್ನು ಜನ ‘ಕರ್ನಾಟಕದ ಶೇಕ್ಸ್‌ಪಿಯರ್’ ಎಂದು ಕರೆದರು. ಬಿರುದು ದೊಡ್ಡದು, ಕಟ್ಟಡವೂ ದೊಡ್ಡದು. ಆದರೆ ಹನುಮಂತರಾಯರು ಬಹುಕಾಲ ಬದುಕಿದ್ದು ನಮ್ಮ ಕಡೆಯ ಹಳ್ಳಿಗಳ ಟ್ರಂಕುಗಳಲ್ಲಿ. ಅವರ ‘ರಕ್ತರಾತ್ರಿ’ ನಾಟಕದ ಒಂದೇ ಪುಸ್ತಕ ಊರಿಂದ ಊರಿಗೆ ತಿರುಗಿ, ರಟ್ಟು ಕಳಚಿ, ಸೂಜಿ ದಾರದಲ್ಲಿ ಹೊಲಿಸಿಕೊಂಡು, ಯಾರದೋ ಮನೆಯ ಟ್ರಂಕಿನಲ್ಲಿ ಹಳೆಯ ಧೋತರದ ತುಂಡಿನೊಳಗೆ ಕೂತಿರುತ್ತಿತ್ತು. ಅದರ ಪಕ್ಕದಲ್ಲೇ ಪಾತ್ರದ ವಹಿಗಳು. ಪ್ರತಿಯೊಬ್ಬನೂ ತನ್ನ ಮಾತನ್ನಷ್ಟೇ ಬರೆದುಕೊಳ್ಳುತ್ತಿದ್ದ. ಅದಕ್ಕೆ ಮುಂಚೆ ಎದುರಿನವನು ಆಡುವ ಕೊನೆಯ ಎರಡು ಮೂರು ಪದ, ಗುರುತಿಗೆ. ದುರ್ಯೋಧನನ ವಹಿಯಲ್ಲಿ ಅಶ್ವತ್ಥಾಮನ ದುಃಖ ಇರುತ್ತಿರಲಿಲ್ಲ, ಅಶ್ವತ್ಥಾಮನ ವಹಿಯಲ್ಲಿ ಶಕುನಿಯ ಸಂಚು ಇರುತ್ತಿರಲಿಲ್ಲ. ಪೂರ್ತಿ ನಾಟಕ ಗೊತ್ತಿದ್ದವನು ಅದನ್ನು ಕಲಿಸುವ ಮಾಸ್ತರ ಒಬ್ಬನೇ. ಉಳಿದವರು ತಮ್ಮ ತಮ್ಮ ಪಾಲಿನ ಬದುಕನ್ನಷ್ಟೇ ಹಿಡಿದುಕೊಂಡು ರಂಗಕ್ಕೆ ಬರುತ್ತಿದ್ದರು, ಊರಿನಲ್ಲಿ ಬದುಕುತ್ತಿದ್ದ ಹಾಗೆಯೇ.

ನಾಟಕ ನಿಂತಿಲ್ಲ. ಜಾತ್ರೆಗೆ ಇವತ್ತೂ ಸ್ಟೇಜು ಬೀಳುತ್ತದೆ, ಬಣ್ಣದ ದೀಪ ಬರುತ್ತವೆ, ಫ್ಲೆಕ್ಸಿನ ಮೇಲೆ ಪಾತ್ರಧಾರಿಗಳ ಫೋಟೋ ಬರುತ್ತದೆ. ಒಂದು ಪಾತ್ರವನ್ನು ಒಬ್ಬ ಮನುಷ್ಯನಿಗೆ ಕೂಡಿಸುವ ಕಸುಬು ಮಾತ್ರ ನಮ್ಮ ಕಣ್ಣೆದುರಿಗೇ ಕರಗುತ್ತಿದೆ. ಹೋಗುತ್ತಿದೆ ಎಂದು ಯಾರಿಗೂ ಹೊಳೆಯದ ಹಾಗೆ ಹೋಗುತ್ತಿದೆ ಎಂಬುದೇ ನನಗೆ ದೊಡ್ಡ ಸಂಕಟ.

ನಮ್ಮೂರು ತಿಕೋಟಾ ಮತ್ತು ಬಬಲೇಶ್ವರದ ನಡುವಿನದು. ಅಥಣಿ ಹಾದಿಯಲ್ಲಿ ತಿಕೋಟಾ, ಜಮಖಂಡಿ ಹಾದಿಯಲ್ಲಿ ಬಬಲೇಶ್ವರ. 2018ರಿಂದ ಎರಡೂ ತಾಲೂಕು. ನಾನು ಹೇಳುತ್ತಿರುವ ಕಾಲದಲ್ಲಿ ಎಲ್ಲದಕ್ಕೂ ಆಗ ಬಿಜಾಪುರ ಎನ್ನುತ್ತಿದ್ದ ವಿಜಯಪುರಕ್ಕೇ ಹೋಗಬೇಕಿತ್ತು, ಬಾಗಲಕೋಟೆಯೂ ಇನ್ನೂ ಇದೇ ಜಿಲ್ಲೆಯಲ್ಲಿತ್ತು. ಎರೆಹೊಲ, ಹಿಂಗಾರಿ ಬೆಳೆ. ಡೋಣಿ ಹೊಳೆ ಬೆಳೆದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುತ್ತಿದ್ದ ಸೀಮೆ. ಜೋಳ, ಕಡಲೆ, ಕುಸುಬೆ ಬಿತ್ತಿ, ಎಡೆ ಹೊಡೆದು ಮುಗಿಸಿದ ಮೇಲೆ ಸುಗ್ಗಿ ಬರುವ ತನಕ ರಾತ್ರಿಗಳು ರೈತನ ಸ್ವಂತದ್ದಾಗಿದ್ದವು. ದೀಪಾವಳಿ ದಾಟಿದ ಮೇಲೆ ಹನುಮಪ್ಪನ ಗುಡಿಯಲ್ಲೋ ಸಾಲಿಯ ಪಡಸಾಲೆಯಲ್ಲೋ ತಾಲೀಮು ಶುರುವಾಗುತ್ತಿತ್ತು. ಮಾಸ್ತರ ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ಬಸ್ಸಿನಿಂದ ಇಳಿಯುತ್ತಿದ್ದ. ಅವನಿಗೆ ಇಷ್ಟು ಎಂದು ಗುತ್ತಿಗೆ, ಮೇಲೆ ಊಟ, ಮಲಗಲು ಜಾಗ. ಊಟ ಪಾಳಿಯ ಮೇಲೆ: ಇವತ್ತು ಇವರ ಮನೆ, ನಾಳೆ ಅವರ ಮನೆ.

ಆ ಪಾಳಿಯ ಊಟ ಎಷ್ಟು ಮುಖ್ಯವಾಗಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ರೊಟ್ಟಿ ಪುಂಡಿಪಲ್ಲೆ ಉಣ್ಣುತ್ತ ಮಾಸ್ತರ ಆ ಮನೆಯ ಗಂಡಸನ್ನು ನೋಡುತ್ತಿದ್ದ. ಹೆಂಡತಿಯನ್ನು ಹೇಗೆ ಕರೆಯುತ್ತಾನೆ, ತಾಯಿ ಬೈದರೆ ಎದುರು ಮಾತಾಡುತ್ತಾನೋ ತಲೆ ತಗ್ಗಿಸುತ್ತಾನೋ, ಎತ್ತಿನ ಮೈಮೇಲೆ ಕೈ ಹೇಗೆ ಇಡುತ್ತಾನೆ, ಸಿಟ್ಟು ಬಂದಾಗ ಧ್ವನಿ ಏರುತ್ತದೋ ಇಳಿಯುತ್ತದೋ. ಮೊದಲ ರಾತ್ರಿ ಹಂಚಿದ ಪಾತ್ರ ಎರಡು ವಾರದ ಮೇಲೆ ಬದಲಾಗುತ್ತಿದ್ದದ್ದು ಹೀಗೆ. ಊರಿನವರು ಅದಕ್ಕೆ ಮಾಸ್ತರನ ಲಹರಿ ಎನ್ನುತ್ತಿದ್ದರು. ಲಹರಿ ಅಲ್ಲ, ಅವನು ಅಷ್ಟೂ ದಿನ ಅಳೆಯುತ್ತಿದ್ದ.

ಅಳತೆಗೆ ಸಿಗುವ ಸಂಗತಿಗಳು ಎಲ್ಲರಿಗೂ ಕಾಣುತ್ತಿದ್ದವು. ಮೈಕು ಇಲ್ಲದ ಊರಿನಲ್ಲಿ ಧ್ವನಿ ಕೊನೆಯ ಸಾಲಿನ ಎತ್ತಿನ ಗಾಡಿಯ ತನಕ ಮುಟ್ಟಬೇಕು. ಅಕ್ಷರ ಬಾರದವನಾದರೂ ಕಿವಿಯಿಂದ ಕೇಳಿ ಪುಟಗಟ್ಟಲೆ ಮಾತು ಬಾಯಿಪಾಠ ಮಾಡಬೇಕು. ರಾಗ ಬೇಕು, ಎತ್ತರ ಬೇಕು. ಪಟ್ಟಿ ಕೊಡುವ ತಾಕತ್ತು ಬೇಕು, ಯಾಕೆಂದರೆ ನಾಟಕದ ಖರ್ಚು ಪಾತ್ರಧಾರಿಗಳ ಪಟ್ಟಿಯಿಂದಲೇ ಹುಟ್ಟಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಪಟ್ಟಿ. ಇವಿಷ್ಟನ್ನೂ ಕೂಡಿಸಿ ಕಳೆದರೆ ಪ್ರತಿ ಸಲವೂ ಅದೇ ಮೂರು ನಾಲ್ಕು ಮಂದಿಗೆ ಅದೇ ಪಾತ್ರ ಹೋಗಬೇಕು. ಗಟ್ಟಿ ಗಂಟಲಿನವ ಭೀಮ, ರೊಕ್ಕದವ ಕಥಾನಾಯಕ, ಚೆಲುವ ಕೃಷ್ಣ.

ಒಳ್ಳೆಯ ಮಾಸ್ತರ ಆ ಲೆಕ್ಕಕ್ಕೆ ಒಪ್ಪುತ್ತಿರಲಿಲ್ಲ. ತನ್ನ ಮಗನಿಗೆ ಭೀಮನ ಪಾತ್ರ ಬೇಕೆಂದು ಬಂದ ಗೌಡರ ಎದುರು ಒಬ್ಬ ಮಾಸ್ತರ ಆಡಿದ ಮಾತನ್ನು ನಮ್ಮೂರಿನಲ್ಲಿ ಬಹಳ ದಿನ ಹೇಳಿಕೊಳ್ಳುತ್ತಿದ್ದರು.

“ಮಾಸ್ತರ್ರ, ಭೀಮನ ಪಾತ್ರ ನಮ್ಮ ಹುಡುಗಗ ಕೊಡ್ರಿ. ರೊಕ್ಕದ ಚಿಂತಿ ಮಾಡಬ್ಯಾಡ್ರಿ.”

“ರೊಕ್ಕದ ಚಿಂತಿ ಇಲ್ರಿ ಗೌಡ್ರ. ನಿಮ್ಮ ಹುಡುಗ ಯಾರ ಮ್ಯಾಲೂ ಸಿಟ್ಟಾಗಿದ್ದು ನಾ ನೋಡಿಲ್ರಿ. ಅವಗ ಧರ್ಮರಾಯ ಕೊಡ್ತೀನಿ, ನೋಡ್ರಿ.”

ಗೌಡರಿಗೆ ಮೊದಲು ಮುಖ ಸಣ್ಣದಾಯಿತಂತೆ. ಆದರೆ ಆ ಹುಡುಗ ಧರ್ಮರಾಯನಾಗಿ ನಿಂತು, ತಮ್ಮಂದಿರು ಬೈಯುವಾಗ ಒಂದು ಮಾತೂ ಆಡದೆ ನೆಲ ನೋಡಿದ ಗಳಿಗೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವನಿಗೆ ಅಭಿನಯ ಬರುತ್ತಿರಲಿಲ್ಲ. ಅವನು ನಿಂತದ್ದೇ ಹಾಗೆ.

ಇನ್ನೊಂದು ದುರ್ಯೋಧನನ ಸಂಗತಿ. ಗಾಣದ ಕೆಲಸ ಮಾಡುತ್ತಿದ್ದ ಒಬ್ಬರು, ಮೈ ದೊಡ್ಡದು, ದನಿ ಮೆತ್ತಗೆ. ದುರ್ಯೋಧನನೆಂದರೆ ಗುಡುಗಬೇಕು, ಗದೆ ನೆಲಕ್ಕೆ ಬಡಿಯಬೇಕು ಎಂಬ ರೂಢಿ ಇದ್ದ ಕಾಲ. ಮಾಸ್ತರ ಅವರಿಗೇ ಪಾತ್ರ ಕೊಟ್ಟು, ಗುಡುಗಬೇಡಿ ಎಂದರು. ನೀವು ಮನೆಯಲ್ಲಿ ಮಾತಾಡುವ ದನಿಯಲ್ಲೇ ಆಜ್ಞೆ ಮಾಡಿ, ಉಳಿದವರು ಬಗ್ಗಿ ಕೇಳಿಸಿಕೊಳ್ಳಲಿ. ನಾಟಕದ ರಾತ್ರಿ ಆ ರಾಜ ಬಾಯಿ ತೆರೆದಾಗಲೆಲ್ಲ ಮಂದಿ ಮಕ್ಕಳ ಬಾಯಿ ಮುಚ್ಚಿಸಿದರು. ದೊಡ್ಡ ದೇಹದೊಳಗಿನಿಂದ ಬರುವ ಆ ತಗ್ಗಿದ ಮಾತಿನಲ್ಲಿ ಒಂದು ಹೆದರಿಕೆಯಿತ್ತು, ಜೊತೆಗೆ ಎಲ್ಲ ಕಳೆದುಕೊಳ್ಳುತ್ತಿರುವವನ ದಣಿವೂ ಇತ್ತು. ಆಮೇಲೆ ಎಷ್ಟೋ ದುರ್ಯೋಧನರನ್ನು ನೋಡಿದ್ದೇನೆ, ಗದೆಯ ಏಟಿಗೆ ಹಲಗೆ ಮುರಿದವರನ್ನೂ. ನನಗೆ ಕುರುಕುಲದ ರಾಜನೆಂದರೆ ಇಂದಿಗೂ ಆ ಗಾಣದವರೇ.

ಕೊರತೆಯನ್ನು ಮುಚ್ಚುವುದಕ್ಕಿಂತ ಅದಕ್ಕೊಂದು ಕೆಲಸ ಕೊಡುವುದು ಆ ಮಾಸ್ತರರ ದಾರಿ. ಮಾತು ಮರೆಯುವ ಮುದುಕನಿಗೆ ಸಾಮಾಜಿಕ ನಾಟಕದಲ್ಲಿ ಮಗನನ್ನು ಕಳೆದುಕೊಂಡ ತಂದೆಯ ಪಾತ್ರ. ಅವನು ಮರೆತು ನಿಂತರೆ ಅದೂ ಪಾತ್ರದ ದುಃಖವೇ ಆಯಿತು. ಮಾತಿಗೆ ಮೊದಲು ಸಣ್ಣಗೆ ತಡವರಿಸುವವನಿಗೆ ಸುಳ್ಳು ಹೇಳುವ ಗುಮಾಸ್ತನ ಪಾತ್ರ. ಜಾತಿ ಧರ್ಮ ಅಡ್ಡ ಬಂದದ್ದು ಕಡಿಮೆ. ಪಿಂಜಾರರ ಹುಡುಗ ಕೃಷ್ಣನಾಗುತ್ತಿದ್ದ, ಆ ಕೃಷ್ಣನಿಗೆ ಲಿಂಗಾಯತರ ಮುದುಕಿ ದೃಷ್ಟಿ ತೆಗೆಯುತ್ತಿದ್ದಳು. ತಿಕೋಟಾದ ಹಾಜಿಮಸ್ತಾನ ಉರುಸಿಗೆ ಎಲ್ಲರೂ ಹೋಗುತ್ತಿದ್ದ ಹಾಗೆ, ಬಬಲೇಶ್ವರದ ಬೃಹನ್ಮಠಕ್ಕೆ ಎಲ್ಲರೂ ನಡೆದುಕೊಳ್ಳುತ್ತಿದ್ದ ಹಾಗೆ, ತಾಲೀಮಿನ ಗುಡಿಯಲ್ಲೂ ಊರೆಲ್ಲ ಕೂಡುತ್ತಿತ್ತು.

ಹಾಗೆಂದು ಬರೀ ಸ್ವಭಾವ ನೋಡಿ ಪಾತ್ರ ಕೊಟ್ಟರೆ ನಾಟಕ ಎದ್ದು ನಿಲ್ಲುತ್ತಿತ್ತು ಎಂದು ತಿಳಿಯಬಾರದು. ಕೇಳಿಸದ ಧರ್ಮರಾಯನಿಂದ ಯಾರಿಗೂ ಪ್ರಯೋಜನವಿಲ್ಲ. ಅಶ್ವತ್ಥಾಮ ಅರ್ಧ ರಾತ್ರಿಯ ಹೊತ್ತಿಗೆ ಗಂಟಲು ಕಟ್ಟಿ ಕೂತರೆ ಅವನು ಆ ರಾತ್ರಿ ಕೊಲ್ಲಬೇಕಾದ ಉಪಪಾಂಡವರು ಬೆಳಗಿನ ತನಕ ಜೀವಂತ ಇರಬೇಕಾಗುತ್ತದೆ. ಗಂಟಲಿಗೆ ಕಸರತ್ತು ಇತ್ತು: ನಸುಕಿನಲ್ಲಿ ಬಾವಿಗೆ ಬಗ್ಗಿ ಮಾತು ಹೇಳಿಸುತ್ತಿದ್ದರು, ಹೊಲದ ಈ ಬದುವಿನಿಂದ ಆ ಬದುವಿಗೆ ಸಂಭಾಷಣೆ ನಡೆಸುತ್ತಿದ್ದರು. ಬಲವನ್ನು ಬೆಳೆಸುವುದರಲ್ಲಿ ಯಾರೂ ನಾಚಿಕೆಪಡಲಿಲ್ಲ, ಪಡಬೇಕಾದದ್ದೂ ಇಲ್ಲ. ಆ ಬಲ ಯಾರದು, ಯಾತಕ್ಕೆ ಎಂಬ ಪ್ರಶ್ನೆ ಮಾತ್ರ ಅದರ ಬೆನ್ನಿಗೇ ಇರುತ್ತಿತ್ತು.

ಈ ಪ್ರಶ್ನೆಯನ್ನು ನಮ್ಮ ದೊಡ್ಡಾಟ ನೇರವಾಗಿ ಕೇಳುತ್ತದೆ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅಡ್ಡ ನಿಂತು ವಿಚಾರಿಸುತ್ತಾನೆ: ಯಾರು ತಾವು, ಯಾವ ಪಟ್ಟಣ, ಯಾರ ಮಕ್ಕಳು, ಇಲ್ಲಿಗೆ ಬಂದ ಕಾರಣವೇನು. ಕಿರೀಟ ಭುಜಕೀರ್ತಿ ಹೊತ್ತ ಮಹಾರಾಜನೂ ಈ ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಸಾಗಬೇಕು. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಹಾಡು ಮೊದಲೇ ನಿಗದಿಯಾದದ್ದು, ನಡುವಿನ ಮಾತು ಅಲ್ಲಲ್ಲೇ ಹುಟ್ಟಿಸಬೇಕಾದದ್ದು. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಣ್ಣುಮಕ್ಕಳಿಗೆ ದಾರಿ ತೆರೆದ ಆ ಆಟದಲ್ಲಿ ಸತ್ಯಭಾಮೆಯ ಗರ್ವ ಒಂದೊಂದು ತಂಡದಲ್ಲಿ ಒಂದೊಂದು ಬಗೆ. ಕೆಲವು ಭಾಮೆಯರಿಗೆ ಸಿಟ್ಟು ಮೂಗಿನ ತುದಿಯಲ್ಲೇ, ಕೆಲವರಿಗೆ ಸಿಟ್ಟಿನ ಕೆಳಗೆ ಅಂಜಿಕೆ. ಭಾಗವತ ಕೆಣಕಿದಾಗ ಏನು ಹೇಳಬೇಕೆಂದು ಯಾವ ವಹಿಯಲ್ಲೂ ಬರೆದಿರುವುದಿಲ್ಲ. ಪಾತ್ರದ ಸ್ವಭಾವ ಗೊತ್ತಿದ್ದವಳಿಗೆ ಉತ್ತರ ತಾನೇ ಬರುತ್ತದೆ. ಬರೀ ಹಾಡು ಗೊತ್ತಿದ್ದವಳು ತಬ್ಬಿಬ್ಬಾಗುತ್ತಾಳೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ತಂಗಿಯ ಮಗ ಒಂದು ರಜೆಗೆ ಬಂದಾಗ ತನ್ನ ಚೀಲದಿಂದ ಒಂದು ಹಾಳೆ ತೆಗೆದು ತೋರಿಸಿದ. ಶನಿವಾರ ರಾತ್ರಿ ಗೆಳೆಯರೊಂದಿಗೆ ಮೇಜಿನ ಸುತ್ತ ಕೂತು ಆಡುವ ಆಟವಂತೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಪರದೆ ಇಲ್ಲ, ಬಣ್ಣ ಇಲ್ಲ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಗೆಲುವು ಸೋಲು ದಾಳದಿಂದ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಇದನ್ನು ಹೊರತಂದದ್ದು 1974ರಲ್ಲಿ. ಹಾಳೆಯ ಮೇಲೆ ಪಾತ್ರದ ಆರು ಗುಣ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಆಕರ್ಷಣೆ. ಒಂದೊಂದಕ್ಕೂ ಒಂದು ಅಂಕಿ.

“ಮಾಮಾ, ಮೊದಲ ಈಗಿನಂಗ ಇರಲಿಲ್ಲಂತ. ಮೂರು ದಾಳ ಒಗದು, ಬಿದ್ದಷ್ಟು ಅಂಕಿ ಬಿದ್ದ ಸಾಲಿನ್ಯಾಗ ಬರಕೋಬೇಕಿತ್ತು. ಬಲ ಐದ ಬಿತ್ತಂದ್ರ ಐದ. ಈಗ 27 ಅಂಕ ಕೈಗೆ ಕೊಡತಾರ, ನಮಗ ಬೇಕಾದಂಗ ಹಂಚಕೋಬಹುದು.”

ಅವನ ಗುಂಪಿನಲ್ಲಿ ಇದರದೇ ಜಗಳವಂತೆ. ಒಬ್ಬ ಗೆಳೆಯ ಕಾದಾಟಕ್ಕೆ ಬೇಡದ್ದನ್ನೆಲ್ಲ 8ಕ್ಕೆ ಇಳಿಸಿ, ಬೇಕಾದದ್ದನ್ನೆಲ್ಲ 15ಕ್ಕೆ ಏರಿಸಿ ಪಾತ್ರ ಕಟ್ಟುತ್ತಾನೆ. ಆ ಪಾತ್ರ ಸೋಲುವುದಿಲ್ಲ. ಕಥೆ ನಡೆಸುವವನು ನಿನ್ನ ಊರು ಯಾವುದು, ಯಾಕೆ ಕತ್ತಿ ಹಿಡಿದೆ ಎಂದು ಕೇಳಿದರೆ ಉತ್ತರವಿಲ್ಲ. ಇನ್ನೊಬ್ಬಳ ಪಾತ್ರಕ್ಕೆ ದೊಡ್ಡ ಕಥೆ ಇದೆ, ಹಾಡು ಇದೆ, ಕಣ್ಣೀರು ಇದೆ. ಕಾದಾಟ ಬಂದಾಗ ಅವಳನ್ನು ಕಾಪಾಡುವುದರಲ್ಲೇ ಉಳಿದವರ ಜೀವ ಹೋಗುತ್ತದೆ. ಯಾರದು ಸರಿ ಎಂದು ಅವನು ನನ್ನನ್ನು ಕೇಳಿದ. ನಮ್ಮ ಮಾಸ್ತರರು ಇಬ್ಬರನ್ನೂ ಒಪ್ಪುತ್ತಿರಲಿಲ್ಲ ಎಂದು ಹೇಳಿದೆ. ಮೊದಲಿನವನ ಗಂಟಲು, ಎರಡನೆಯವಳ ಕಥೆ ಒಬ್ಬನಲ್ಲೇ ಕೂಡುವ ತನಕ ಅವರು ಪೆಟ್ಟಿಗೆ ಮುಚ್ಚುತ್ತಿರಲಿಲ್ಲ. ಮೂರು ದಾಳದ ಹಳೆಯ ಪದ್ಧತಿ ಮಾತ್ರ ನನ್ನ ಮನಸ್ಸಿಗೆ ಹಿಡಿಸಿತು. ಊರು ಅನ್ನುವುದು ಹಾಗೇ ಅಲ್ಲವೇ? ಇಂಥವನೇ ಬೇಕೆಂದು ಯಾರೂ ಆರಿಸಿ ತರುವುದಿಲ್ಲ. ಮೆತ್ತನೆ ದನಿಯವ, ಕುಂಟುವವ, ಮರೆಯುವವ, ಹಟಮಾರಿ, ಹೀಗೆ ಬಿದ್ದ ಅಂಕಿಗಳ ನಡುವೆಯೇ ‘ರಕ್ತರಾತ್ರಿ’ಯನ್ನು ಎತ್ತಿ ನಿಲ್ಲಿಸಬೇಕು.

ಆ ಆಟದ 2014ರ ಪುಸ್ತಕದಲ್ಲಿ ಪ್ರತಿ ಪಾತ್ರಕ್ಕೂ ಒಂದು ಆದರ್ಶ, ಒಂದು ನಂಟು, ಒಂದು ಕೊರತೆ ಬರೆದುಕೊಳ್ಳಲು ಜಾಗ ಮಾಡಿದ್ದಾರಂತೆ. ಕೊರತೆಯ ಖಾನೆ ಇದೆ ಎಂದಾಗ ನನಗೆ ಸಂತೋಷವಾಯಿತು. ಎಲ್ಲೋ ದೂರದ ದೇಶದ ಜನರೂ ಅಂಕಿಯಿಂದ ಮನುಷ್ಯ ಆಗುವುದಿಲ್ಲ ಎಂದು ಕಂಡುಕೊಂಡಿದ್ದಾರೆ. ದಾಳದ ವಿಷಯದಲ್ಲಿ ನಾವು ಇನ್ನೂ ಮುಂದೆ ಹೋಗಿದ್ದೆವು ಅನ್ನಿ. ನಮ್ಮ ಜನ ಹೇಳುವ ಶಕುನಿಯ ಕಥೆಯಲ್ಲಿ ಅವನ ದಾಳಗಳು ಸೆರೆಮನೆಯಲ್ಲಿ ಸತ್ತ ಅವನ ಅಪ್ಪನ ಎಲುಬಿನಿಂದ ಮಾಡಿದವು. ಪ್ರತಿ ಗೆಲುವಿನಲ್ಲೂ ಅಪ್ಪನ ಸಾವು ಉರುಳುತ್ತದೆ. ಅದಕ್ಕೇ ನಮ್ಮ ಕಡೆ ಶಕುನಿಯ ಪಾತ್ರಕ್ಕೆ ಅಷ್ಟು ಪೈಪೋಟಿ. ಅವನು ದುಷ್ಟನೆಂದು ಬೈಯುತ್ತಲೇ ಜನ ಅವನಿಗಾಗಿ ಮರುಗುತ್ತಿದ್ದರು.

ಈ ಶಕುನಿಯೇ ಮೊದಲು ಕೈಬಿಟ್ಟು ಹೋದವನು. 1988ರಲ್ಲಿ ದೂರದರ್ಶನದಲ್ಲಿ ಬಿ.ಆರ್. ಚೋಪ್ರಾರ ‘ಮಹಾಭಾರತ’ ಶುರುವಾಯಿತು. ಗೂಫಿ ಪೇಂಟಲ್ ಕುಂಟುತ್ತ, ಒಂದು ಕಣ್ಣು ಕಿರಿದು ಮಾಡಿ ಶಕುನಿಯಾದರು. ಅವರ ಅಭಿನಯ ಅದ್ಭುತವೇ. ಆದರೆ ಆಮೇಲೆ ನಮ್ಮ ಹಳ್ಳಿಗಳ ಶಕುನಿಗಳೆಲ್ಲ ಕುಂಟತೊಡಗಿದರು. ಅದಕ್ಕೆ ಮೊದಲು ನಾನು ಕಂಡಿದ್ದ ಒಬ್ಬ ಶಕುನಿ ನೆಟ್ಟಗೆ ನಡೆಯುತ್ತಿದ್ದ; ವ್ಯಾಪಾರಸ್ಥ, ಎಲ್ಲರಿಗೂ ಕೈಮುಗಿದು ನಗುತ್ತಲೇ ಮಾತಾಡುವವ, ಆ ನಗೆಯೇ ಅವನ ವಿಷ. ಇನ್ನೊಬ್ಬ ಶಕುನಿ ದಾಳವನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದ. ಕುಂಟಿದರೆ ಸೀಟಿ ಬೀಳುತ್ತದೆ ಎಂದು ಗೊತ್ತಾದ ಮೇಲೆ ಅವರಿಬ್ಬರಿಗೂ ಜಾಗ ಉಳಿಯಲಿಲ್ಲ.

ಹೀಗೆ ನಕಲಾಗುವುದು ಹೊಸದಲ್ಲ ಎಂದೂ ಹೇಳಬೇಕು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಮ್ಮ ಕಡೆ ಮನೆಮಾತಾಗಿದ್ದ ನಾಟಕ. ಅದು ರಾಜಕುಮಾರರ ಸಿನಿಮಾ ಆದದ್ದೂ 1974ರಲ್ಲೇ. ಅಣ್ಣಾವ್ರು ಎಮ್ಮೆಯ ಮೇಲೆ ಕೂತು ಹಾಡಿದ್ದನ್ನು ನೋಡಿದ ಮೇಲೆ ಊರೂರಿನ ಭದ್ರನೂ ಅವರ ಹಾಗೆ ಕುತ್ತಿಗೆ ಓರೆ ಮಾಡತೊಡಗಿದ. ಆದರೂ ಆಗ ಸಿನಿಮಾ ನೋಡಲು ವಿಜಯಪುರದ ಅಮೀರ್ ಟಾಕೀಸಿನ ತನಕ ಹೋಗಬೇಕಿತ್ತು, ನೋಡಿದ್ದು ಮನಸ್ಸಿನಲ್ಲಿ ಮಸುಕಾಗುತ್ತಿತ್ತು, ಮಸುಕಾದ ಜಾಗದಲ್ಲಿ ಊರಿನ ಭದ್ರ ಮತ್ತೆ ತಲೆ ಎತ್ತುತ್ತಿದ್ದ. ಈಗ ಎಲ್ಲರ ಕಿಸೆಯಲ್ಲೂ ಮೂಲಪ್ರತಿ ಇದೆ. ಪಾತ್ರ ಸಿಕ್ಕ ಹುಡುಗ ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಅದೇ ಪಾತ್ರವನ್ನು ಹುಡುಕುವುದು. ಹೆಚ್ಚು ಜನ ನೋಡಿದ್ದು ಯಾವುದೋ ಅದು ಅವನ ಗುರು. ಅವನನ್ನು ನಾನು ತಪ್ಪು ಎನ್ನಲಾರೆ. ಅವನ ಮನೆಗೆ ಊಟಕ್ಕೆ ಬಂದು ಅವನನ್ನು ಎರಡು ವಾರ ನೋಡುವ ಮಾಸ್ತರ ಅವನಿಗೆ ಸಿಗಲಿಲ್ಲ.

ಮಾಸ್ತರ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಹೊಲ ನೋಡಬೇಕು. ತಿಕೋಟಾ ಸೀಮೆ ಈಗ ದ್ರಾಕ್ಷಿಯ ಸೀಮೆ. ಕೃಷ್ಣೆಯ ನೀರು ಏತ ನೀರಾವರಿಯಿಂದ ಬಂತು, ತುಬಚಿ–ಬಬಲೇಶ್ವರ ಯೋಜನೆ ಬಂತು, ನೀರಿಗಾಗಿ ಗೋಳಾಡಿದ ಜನಕ್ಕೆ ಇದಕ್ಕಿಂತ ದೊಡ್ಡ ವರ ಇಲ್ಲ. ಮುಂಜಾನೆ ಹಸಿರು ಹಂದರಗಳನ್ನು ನೋಡಿದರೆ ನನ್ನ ಅಪ್ಪ ಬದುಕಿದ್ದು ಇದನ್ನು ಕಾಣಬೇಕಿತ್ತು ಅನಿಸುತ್ತದೆ. ಆದರೆ ದ್ರಾಕ್ಷಿಗೆ ರಾತ್ರಿ ಹಗಲು ಇಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ. ಮೋಡ ಕವಿದರೆ ಔಷಧ ಹೊಡೆಯಬೇಕು, ಇಬ್ಬನಿ ಬಿದ್ದರೆ ಔಷಧ ಹೊಡೆಯಬೇಕು. ಮೊದಲು ತಾಲೀಮು ನಡೆಯುತ್ತಿದ್ದ ತಿಂಗಳುಗಳೇ ಈಗ ಗೊನೆಯ ತಿಂಗಳುಗಳು. ನಾಟಕದ ಕಾಲಕ್ಕೆ ಕೊಯ್ಲು, ಅದರ ಬೆನ್ನಿಗೆ ಒಣದ್ರಾಕ್ಷಿಯ ಶೆಡ್ಡು. ಸಾಲ ಲಕ್ಷಗಳಲ್ಲಿ. ಎರಡು ತಿಂಗಳು ದಿನಾ ರಾತ್ರಿ ಗುಡಿಯಲ್ಲಿ ಕೂಡು ಎಂದು ಆ ರೈತನಿಗೆ ಯಾವ ಬಾಯಿಂದ ಹೇಳುವುದು?

ಅದಕ್ಕೆ ಕೆಲವೇ ದಿನಗಳಲ್ಲಿ ನಾಟಕ ಎದ್ದು ನಿಲ್ಲುವ ದಾರಿಗಳು ಬಂದವು. ಸ್ತ್ರೀ ಪಾತ್ರಗಳಿಗೆ ಹೊರಗಿನ ಕಲಾವಿದೆಯರು ಮೊದಲಿನಿಂದಲೂ ಬರುತ್ತಿದ್ದರು. ಹತ್ತಾರು ನಾಟಕ ಬಾಯಿಪಾಠ ಇದ್ದ ಆ ಹೆಣ್ಣುಮಕ್ಕಳು ಮಧ್ಯಾಹ್ನ ಬಂದಿಳಿದು ರಾತ್ರಿ ರಂಗದಲ್ಲಿ ನಮ್ಮ ರೈತರ ತಪ್ಪನ್ನೆಲ್ಲ ತಮ್ಮ ಮಾತಿನಿಂದ ಮುಚ್ಚಿ ನಾಟಕ ದಡ ಸೇರಿಸುತ್ತಿದ್ದರು. ಅವರ ಋಣ ದೊಡ್ಡದು. ಈಗ ಹಾಸ್ಯದವರೂ ಹೊರಗಿನವರು, ಖಳನಾಯಕನೂ ಕೆಲವು ಕಡೆ ಹೊರಗಿನವ. ಊರಿನವರಿಗೆ ಉಳಿಯುವುದು ದೊಡ್ಡ ಪಟ್ಟಿಯ ಎರಡು ಮೂರು ಪಾತ್ರ. ನಾಟಕಗಳೂ ಅದಕ್ಕೆ ತಕ್ಕಂತೆ ಬದಲಾದವು: ಪ್ರತಿ ಪ್ರವೇಶಕ್ಕೆ ಒಂದು ಚಪ್ಪಾಳೆಯ ಮಾತು, ಎರಡು ದೃಶ್ಯಕ್ಕೊಂದು ಕುಣಿತ, ನಾಯಕನ ಬಾಯಲ್ಲಿ ತಾಯಿಯ ಮೇಲೊಂದು, ರೈತನ ಮೇಲೊಂದು, ಸೈನಿಕನ ಮೇಲೊಂದು ಮಾತು. ಎಲ್ಲವೂ ಗುರಿ ಮುಟ್ಟುತ್ತವೆ. ಆಯೇರಿಯ ನೋಟು ಬರುತ್ತದೆ, ಮೈಕಿನಲ್ಲಿ ಕೊಟ್ಟವರ ಹೆಸರು ಬರುತ್ತದೆ. ನಾಯಕನಿಗೆ ಒಂದೂ ದೌರ್ಬಲ್ಯವಿಲ್ಲ. ಬೆಳಗಾಗಿ ಎದ್ದರೆ ಅವನ ಹೆಸರು ನೆನಪಿಗೆ ಬರುವುದಿಲ್ಲ.

ಮೊದಲಿನ ಪಾತ್ರಗಳ ಹೆಸರು ಮನುಷ್ಯನ ಮೈಗೇ ಅಂಟುತ್ತಿತ್ತು. ನಮ್ಮೂರಿನಲ್ಲಿ ಆ ಗಾಣದವರು ಸಾಯುವ ತನಕ ‘ದುರ್ಯೋಧನ ಕಾಕಾ’. ಅವರ ಮೊಮ್ಮಗಳ ಲಗ್ನಪತ್ರಿಕೆ ಹಂಚಲು ಬಂದಾಗಲೂ ನಮ್ಮವ್ವ ಒಳಗಿಂದ, “ಯಾರ ಬಂದಾರ? ದುರ್ಯೋಧನಣ್ಣ ಏನ?” ಎಂದೇ ಕೇಳಿದ್ದು. ಧರ್ಮರಾಯನಾಗಿದ್ದ ಗೌಡರ ಮಗ ಮುಂದೆ ಊರಿನ ಪಂಚಾಯಿತಿಯಲ್ಲಿ ನ್ಯಾಯಕ್ಕೆ ಕೂತಾಗ ಜನ ಅವನ ಮಾತಿಗೆ ಬೇರೆಯೇ ತೂಕ ಕೊಡುತ್ತಿದ್ದರು, ಆ ತೂಕ ಅವನನ್ನೂ ಬಾಗಿಸುತ್ತಿತ್ತು. ತಕ್ಕಡಿ ಹಿಡಿದ ಕೈ ಜಾರಿದರೆ, “ಏನೋ ಧರ್ಮಾ, ನೀನೂ ಹಿಂಗ?” ಎನ್ನುವವರು ಇದ್ದರು. ಮನುಷ್ಯನ ಸ್ವಭಾವ ನೋಡಿ ಪಾತ್ರ ಕೊಟ್ಟರು. ಆಮೇಲೆ ಆ ಪಾತ್ರ ಮನುಷ್ಯನನ್ನು ಕಾಯ್ದಿತು. ಹೊರಗಿನಿಂದ ಬಂದು ಬೆಳಗಿನ ಬಸ್ಸಿಗೆ ಹೊರಡುವ ಖಳನಾಯಕನ ಮೇಲೆ ಊರಿಗೆ ಇಂಥ ಹಕ್ಕು ಎಲ್ಲಿಂದ ಬರಬೇಕು?

ಪಾತ್ರದ ವಹಿಗಳು ಕೆಲವು ನನ್ನ ಹತ್ತಿರ ಇವೆ. ಒಂದರಲ್ಲಿ ಮಾತಿನ ಪಕ್ಕ ಸಣ್ಣ ಅಕ್ಷರದಲ್ಲಿ ಮಾಸ್ತರನ ಸೂಚನೆ: ಇಲ್ಲಿ ಅವಸರ ಬೇಡ, ನಿನ್ನ ಅಣ್ಣ ಪಾಲು ಕೇಳಿದ ದಿನ ನೆನೆಸಿಕೋ. ಓದಿದಾಗ ಮೈ ಜುಮ್ಮೆಂದಿತು. ಅಷ್ಟು ಒಳಗಿನ ಸಂಗತಿ ಮಾಸ್ತರನಿಗೆ ಗೊತ್ತಿತ್ತು, ಅದನ್ನು ಬರೆದುಕೊಡುವ ಸಲಿಗೆ ಇತ್ತು, ಬರೆಸಿಕೊಳ್ಳುವ ನಂಬಿಕೆ ಇತ್ತು. ಇಂಥ ವಹಿಗಳು ಇನ್ನೂ ಎಷ್ಟೋ ಮನೆಗಳ ಅಟ್ಟದ ಮೇಲಿವೆ, ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ರದ್ದಿಗೆ ಹೋಗುತ್ತಿವೆ. ನಾಟಕದ ಪುಸ್ತಕಗಳು ಉಳಿಯುತ್ತವೆ, ಅಚ್ಚಾದವು. ವಹಿಯ ಅಂಚಿನ ಮಾತುಗಳು ಎಲ್ಲೂ ಅಚ್ಚಾಗಿಲ್ಲ. ಅವನ್ನು ಕೂಡಿಡಲು ಹಲಸಂಗಿಯ ಗೆಳೆಯರಂಥವರು ಮತ್ತೆ ಹುಟ್ಟಬೇಕು. ಇದೇ ಜಿಲ್ಲೆಯ ಆ ಬಳಗದ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಬೀಸುವ ಕಲ್ಲಿನ ಮುಂದೆ ಕೂತು ಗರತಿಯರ ಹಾಡು ಬರೆದುಕೊಳ್ಳದೆ ಇದ್ದಿದ್ದರೆ ಅವೂ ಗಾಳಿಗೆ ಹೋಗುತ್ತಿದ್ದವು.

ನನ್ನ ತಲೆಯಲ್ಲಿ ತಾಲೀಮು ಇನ್ನೂ ನಿಂತಿಲ್ಲ. ಊರಿಗೆ ಹೋದಾಗಲೆಲ್ಲ ಎದುರಿಗೆ ಬಂದವರಿಗೆ ಪಾತ್ರ ಕೊಡುತ್ತಲೇ ಇರುತ್ತೇನೆ. ದ್ರಾಕ್ಷಿ ತುಂಬಿದ ಲಾರಿಯ ಹಿಂದೆ ಸಾಂಗಲಿ ತನಕ ಓಡಾಡಿ ದರ ಬೀಳುವುದನ್ನು ಕಣ್ಣಾರೆ ಕಂಡು, ಯಾರನ್ನೂ ಬೈಯದೆ ಮರಳುವ ಒಬ್ಬ ಹುಡುಗ ಇದ್ದಾನೆ. ಅಶ್ವತ್ಥಾಮನನ್ನು ಅವನಿಗೆ ಕೊಡಬೇಕು, ಒಳಗೆ ಕುದಿಯುವುದು ಅವನಿಗೆ ಗೊತ್ತು. ಏತ ನೀರಾವರಿಯ ಕಾಲುವೆಯ ಗೇಟು ಕಾಯುವವ ಎಲ್ಲರಿಗೂ ಆಗಲಿ ಎನ್ನುತ್ತಲೇ ಯಾರಿಗೂ ಕೊಡದ ಮಾತಿನ ಚತುರ, ಅವನೇ ಶಕುನಿ, ಕುಂಟದೆ. ಅಂಗನವಾಡಿಯ ಅಕ್ಕ ಭಾನುಮತಿ. ಊರಿನ ಹೆಣ್ಣುಮಗಳೇ ರಂಗ ಹತ್ತಿದರೆ ಕಾಲ ಬದಲಾಗಿದ್ದಕ್ಕೂ ಒಂದು ಅರ್ಥ ಬಂತು. ದುರ್ಯೋಧನ ಕಾಕಾನ ಮೊಮ್ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ತಾತನ ಮೈಕಟ್ಟು ಬಂದಿಲ್ಲ, ದನಿ ಬಂದಿದೆ. ಅವನಿಗೆ ಯಾವ ಪಾತ್ರ ಎಂದು ಇನ್ನೂ ತೀರ್ಮಾನಿಸಿಲ್ಲ, ಅವನ ಮನೆಯಲ್ಲಿ ಒಂದೆರಡು ಸಲ ಊಟ ಮಾಡಬೇಕು.